ಬಾಗಿಲು ತೆರೆದಿರಲಿ, ಕಣ್ಣೂ ತೆರೆದಿರಲಿ

ಕೋರ್ಟ್ ಡ್ಯೂಟಿ ಬಿತ್ತು ಅಂತ ಮುಖ ಸಣ್ಣ ಮಾಡಿಕೊಳ್ಳಬೇಡ ಮಗಾ. ಠಾಣೆಯಲ್ಲಿದ್ದರೆ ಕೇಸು ಹಿಡಿಯಬಹುದಿತ್ತು, ಹೆಸರು ಬರುತ್ತಿತ್ತು, ಇಲ್ಲಿ ಬೆಳಗಿನಿಂದ ಸಂಜೆವರೆಗೆ ಗೇಟಿನಲ್ಲಿ ನಿಂತು ಚೀಲ ನೋಡುವುದೇ ಬದುಕು ಎಂದು ಜತೆಯವರು ಹೇಳಿರುತ್ತಾರೆ. ನಿನ್ನ ದೊಡ್ಡಪ್ಪನಾಗಿ, ಖಾಕಿ ತೊಟ್ಟು ಕೋರ್ಟು ಕಚೇರಿ ಕಂಡವನಾಗಿ ನಾನು ಬೇರೆ ಮಾತು ಹೇಳುತ್ತೇನೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕೋರ್ಟುಗಳಲ್ಲಿ ಕಾವಲು ನಿಲ್ಲುವ ನಿನ್ನ ವಯಸ್ಸಿನ ಹುಡುಗ ಹುಡುಗಿಯರೂ ಇದನ್ನು ಕೇಳಿಸಿಕೊಳ್ಳಲಿ.

ಠಾಣೆಗೆ ಜನ ಬರುವುದು ಹೆಚ್ಚಾಗಿ ಕೇಡು ನಡೆದ ಮೇಲೆ. ಕೋರ್ಟಿಗೆ ಹಾಗಲ್ಲ. ಒಬ್ಬರ ಮುಖ ಒಬ್ಬರು ನೋಡಲಾರದ ಎರಡು ಕಡೆಯವರೂ ಅಲ್ಲಿಗೆ ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಬಾಗಿಲಿಗೆ ಬರುತ್ತಾರೆ. ತಾವಾಗಿ ಬಂದವರಿಗಿಂತ ಸಮನ್ಸು, ನೋಟಿಸಿಗೆ ಓಗೊಟ್ಟು ಬಂದವರೇ ಹೆಚ್ಚು. ಬಾರದಿದ್ದರೆ ವಾರಂಟ್ ಆಗುತ್ತದೆ ಎಂಬ ಭಯ ಬೇರೆ. ಕಾನೂನೇ ಕರೆಸಿದ ಮೇಲೆ, ಬಂದವರು ಸುರಕ್ಷಿತವಾಗಿ ಮನೆಗೆ ಹೋಗುವವರೆಗಿನ ಹೊಣೆಯೂ ಕಾನೂನಿನದೇ. ಆ ಹೊಣೆ ಹೊತ್ತು ಅಲ್ಲಿ ನಿಂತಿರುವವನು ನೀನು.

ನೀನು ನಿಲ್ಲುವ ಹೊಳೆನರಸೀಪುರದಲ್ಲೇ ನಡೆದದ್ದನ್ನು ಮರೆಯಬೇಡ. 2022ರ ಆಗಸ್ಟ್ 13, ಶನಿವಾರ, ಲೋಕ ಅದಾಲತ್ ದಿನ. ಬೇರೆಯಾಗಲು ಹೊರಟಿದ್ದ ಗಂಡ ಹೆಂಡತಿಯನ್ನು ಕೂರಿಸಿ ಮಾತನಾಡಿಸಿ, ಮಕ್ಕಳಿಗಾಗಿ ಒಟ್ಟಿಗೆ ಬಾಳುವಂತೆ ಒಪ್ಪಿಸಿದ್ದರು. ಇಬ್ಬರೂ ಆಯಿತೆಂದು ಹೊರಗೆ ಬಂದರು. ಸ್ವಲ್ಪ ಹೊತ್ತಿಗೆ ಆ ಹೆಣ್ಣುಮಗಳು ಶೌಚಾಲಯದ ಕಡೆಗೆ ಹೋದಾಗ ಗಂಡ ಹಿಂದೆಯೇ ಹೋಗಿ ಚಾಕುವಿನಿಂದ ಕತ್ತು ಕೊಯ್ದ. ಅಲ್ಲಿದ್ದ ಜನರೇ ಅವನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದರು. ಆಸ್ಪತ್ರೆಗೆ ಸಾಗಿಸಿದರೂ ಆಕೆ ಉಳಿಯಲಿಲ್ಲ. ಚಾಕು ಕೋರ್ಟಿನ ಒಳಗೆ ಹೇಗೆ ಬಂತು ಎನ್ನುವುದೂ ತನಿಖೆಯ ಪ್ರಶ್ನೆಯಾಯಿತು. ಈ ಪ್ರಶ್ನೆಯನ್ನು ನೀನು ದಿನಾ ಬೆಳಗ್ಗೆ ಗೇಟಿಗೆ ಬರುವಾಗ ನಿನಗೆ ನೀನೇ ಕೇಳಿಕೊಳ್ಳಬೇಕು.

ಅದರ ಜೊತೆಗೆ ಇನ್ನೆರಡು ಘಟನೆ ನೆನಪಿಟ್ಟುಕೊ. 2016ರ ಆಗಸ್ಟ್ 1ರಂದು ಮೈಸೂರು ಕೋರ್ಟ್ ಆವರಣದ ಶೌಚಾಲಯದಲ್ಲಿ ಬಾಂಬ್ ಸಿಡಿಯಿತು. ಎನ್‌ಐಎ ತನಿಖೆ ನಡೆಸಿ, 2021ರಲ್ಲಿ ಮೂವರಿಗೆ ಶಿಕ್ಷೆಯಾಯಿತು. 2024ರ ಏಪ್ರಿಲ್ 3ರಂದು ಬೆಂಗಳೂರಿನ ಹೈಕೋರ್ಟಿನಲ್ಲಿ ಒಬ್ಬ ಕೈಯಲ್ಲಿದ್ದ ಫೈಲನ್ನು ಸಿಬ್ಬಂದಿಗೆ ಕೊಟ್ಟವನೇ ಮುಖ್ಯ ನ್ಯಾಯಮೂರ್ತಿಗಳ ಎದುರೇ ತನ್ನ ಕತ್ತು ಕೊಯ್ದುಕೊಂಡ. ಮೂರನ್ನೂ ಒಟ್ಟಿಗಿಟ್ಟು ನೋಡು. ಎರಡರಲ್ಲಿ ಕೇಡು ಕಾದು ಕೂತದ್ದು ಶೌಚಾಲಯದ ಬಳಿ, ಯಾರೂ ಕಾವಲು ನಿಲ್ಲಲು ಬಯಸದ ಜಾಗದಲ್ಲಿ. ಮೂರನೆಯದರಲ್ಲಿ ಬಂದವನು ಬೇರೆ ಯಾರ ಮೇಲೂ ಕೈ ಎತ್ತಲಿಲ್ಲ, ತನ್ನ ಮೇಲೆಯೇ ಎತ್ತಿಕೊಂಡ. ಗೇಟಿನಲ್ಲಿ ಲೋಹಶೋಧಕ ಕುಂಯ್‌ಗುಟ್ಟಿತೋ ಇಲ್ಲವೋ ಎನ್ನುವುದೊಂದನ್ನೇ ಕೇಳುತ್ತ ನಿಂತರೆ ಕೆಲಸದ ಕಾಲುಭಾಗವೂ ಆಗುವುದಿಲ್ಲ. ಮೊಗಸಾಲೆ, ಮೆಟ್ಟಿಲ ತಿರುವು, ಕ್ಯಾಂಟೀನ್, ಹಿಂದಿನ ಪಾರ್ಕಿಂಗ್, ಶೌಚಾಲಯದ ದಾರಿ, ಇವೆಲ್ಲವೂ ನಿನ್ನ ಕಾವಲಿಗೆ ಸೇರಿದ್ದೇ. ಗಂಟೆಗೊಮ್ಮೆಯಾದರೂ ಸುತ್ತು ಹಾಕು. ಹಾಕುವ ಹೊತ್ತು ಬದಲಿಸುತ್ತಿರು.

ದಿಲ್ಲಿಯ ರೋಹಿಣಿ ಕೋರ್ಟಿನಲ್ಲಿ 2021ರ ಸೆಪ್ಟೆಂಬರ್ 24ರಂದು ವಕೀಲರ ವೇಷ ತೊಟ್ಟು ಬಂದ ಇಬ್ಬರು ವಿಚಾರಣೆಯ ಕೋಣೆಯಲ್ಲೇ ಗುಂಡು ಹಾರಿಸಿದರು. ಆಮೇಲೆ ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ಪ್ರದ್ಯುಮ್ನ ಬಿಷ್ಟ್ ಪ್ರಕರಣದಲ್ಲಿ ದೇಶದ ಎಲ್ಲ ಕೋರ್ಟುಗಳ ಭದ್ರತೆ ಕುರಿತು ನಿರ್ದೇಶನ ಕೊಟ್ಟಿತು. ಹೈಕೋರ್ಟುಗಳು ರಾಜ್ಯದ ಗೃಹ ಇಲಾಖೆ ಮತ್ತು ಪೊಲೀಸ್ ಮುಖ್ಯಸ್ಥರೊಂದಿಗೆ ಚರ್ಚಿಸಿ ಭದ್ರತಾ ಯೋಜನೆ ಮಾಡಬೇಕು, ಕೋರ್ಟ್ ಆವರಣಗಳಿಗೆ ಕಾಯಂ ಭದ್ರತಾ ಘಟಕ ಇಡುವುದನ್ನೂ ಅದರಲ್ಲಿ ಸೇರಿಸಬಹುದು, ಆ ಸಿಬ್ಬಂದಿಗೆ ಪ್ರತ್ಯೇಕ ತರಬೇತಿ ಬೇಕು ಎಂದಿತು. ಸಿಸಿ ಕ್ಯಾಮೆರಾ, ಚೀಲ ನೋಡುವ ಯಂತ್ರ, ಪಾಸು, ಆಂಬುಲೆನ್ಸ್, ಬೆಂಕಿ ಆರಿಸುವ ವ್ಯವಸ್ಥೆ ಎಲ್ಲವನ್ನೂ ಹೆಸರಿಸಿತು. ಇದು ಜಿಲ್ಲಾ ಕೇಂದ್ರಕ್ಕಷ್ಟೇ ಅಲ್ಲ, ದೂರದ ಊರುಗಳ ಕೋರ್ಟುಗಳಿಗೂ ಅನ್ವಯಿಸಬೇಕೆಂದಿತು. ಅಂದಮೇಲೆ ಹಾಸನಕ್ಕೆ ಒಂದು ನ್ಯಾಯ, ಅರಕಲಗೂಡಿಗೆ ಒಂದು ನ್ಯಾಯ ಎನ್ನುವಂತಿಲ್ಲ. ನಿನ್ನ ಗೇಟಿನ ಯಂತ್ರ ಕೆಟ್ಟಿದ್ದರೆ, ಮಹಿಳಾ ಸಿಬ್ಬಂದಿ ಇಲ್ಲದಿದ್ದರೆ, ಹಿಂಬಾಗಿಲು ಬೀಗವಿಲ್ಲದೆ ಬಿದ್ದಿದ್ದರೆ ಅದನ್ನು ಬರಹದಲ್ಲಿ ಮೇಲಿನವರಿಗೆ ತಿಳಿಸುವುದು ನಿನ್ನ ಕರ್ತವ್ಯ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಕಾಗದದಲ್ಲಿ ಬರೆದದ್ದು ಫೈಲಿನಲ್ಲಿ ಉಳಿಯುತ್ತದೆ.

ಇನ್ನು ಅಧಿಕಾರದ ಮಾತು. ಸಮವಸ್ತ್ರ ತೊಟ್ಟ ಹೊಸದರಲ್ಲಿ ಅಧಿಕಾರ ಬಹಳ ದೊಡ್ಡದೆಂದು ತೋರುತ್ತದೆ. ಅದರ ಗಡಿ ಎಲ್ಲಿದೆ ಎಂದು ಮೊದಲು ತಿಳಿದುಕೊ.

ಗೇಟಿನ ತಪಾಸಣೆ ಕೋರ್ಟಿನ ಸುರಕ್ಷತೆಗಾಗಿ ಮಾಡಿದ ಏರ್ಪಾಡು. ಚೀಲ ತೋರಿಸದವರನ್ನು ನೀನು ತಡೆದು ನಿಲ್ಲಿಸಬಹುದು. ಅಷ್ಟಕ್ಕೇ ಅವರು ಅಪರಾಧಿಗಳಾಗುವುದಿಲ್ಲ, ಕೈ ತಿರುವಿ ಎಳೆದಾಡುವ ಹಕ್ಕೂ ನಿನಗೆ ಬರುವುದಿಲ್ಲ. ಹಾಗೆಂದು ತಿರುಗಿಸಿ ಕಳಿಸುವಾಗಲೂ ಯೋಚಿಸು. ಒಳಗೆ ಹೆಸರು ಕೂಗಿದಾಗ ಆ ಮನುಷ್ಯ ಇಲ್ಲದಿದ್ದರೆ ಅವನ ಮೇಲೆ ವಾರಂಟ್ ಆಗಬಹುದು, ಸಿವಿಲ್ ದಾವೆಯಾದರೆ ಎಕ್ಸ್‌ಪಾರ್ಟಿ ಆಗಿ ಜಮೀನೇ ಕೈತಪ್ಪಬಹುದು. ನೀನು ಗೇಟಿನಲ್ಲಿ ಆಡುವ ಒಂದು ಒರಟು ಮಾತಿಗೆ ಒಂದು ಮನೆ ಬೆಲೆ ತೆರುತ್ತದೆ. ತಕರಾರಾದರೆ ಅವರನ್ನು ಪಕ್ಕಕ್ಕೆ ಕೂರಿಸಿ, ಮೇಲಧಿಕಾರಿಗೂ ಅವರ ವಕೀಲರಿಗೂ ತಿಳಿಸು, ಕೋರ್ಟಿಗೆ ಸುದ್ದಿ ಮುಟ್ಟಿಸು.

ನಮ್ಮ ಕಡೆಯ ಜನರ ಚೀಲ ನಿನಗೆ ಗೊತ್ತು. ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಅಡಕತ್ತರಿ ಇರುತ್ತದೆ. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದಿಂದ ನೇರ ಬಂದವನ ಬಳಿ ಮಚ್ಚು ಇರಬಹುದು, ಅರಕಲಗೂಡಿನ ಹೊಗೆಸೊಪ್ಪಿನ ರೈತನ ಬ್ಯಾಗಿನಲ್ಲಿ ಕುಡುಗೋಲಿರಬಹುದು. ಮನೆಬಳಕೆಗೆ, ಬೇಸಾಯಕ್ಕೆಂದೇ ಮಾಡಿದ ವಸ್ತುಗಳನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಆಯುಧದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಹಾಗಾಗಿ ಅಡಕತ್ತರಿ ಇಟ್ಟುಕೊಂಡವಳನ್ನು ಕಳ್ಳಿಯಂತೆ ಗದರಬೇಡ. ಆದರೆ ಅದು ಒಳಗೂ ಹೋಗಬಾರದು. ಕತ್ತು ಕೊಯ್ಯಲು ಅಡುಗೆಮನೆಯ ಚಾಕುವೇ ಸಾಕು. ವಸ್ತುವನ್ನು ಇಳಿಸಿಕೊ, ಹೆಸರು ಬರೆದು ಚೀಟಿ ಕೊಡು, ಸಂಜೆ ಹೋಗುವಾಗ ಮರಳಿಸು. ಮರ್ಯಾದೆಯಿಂದ ಕೇಳಿದರೆ ಕೊಡದವರು ಕಡಿಮೆ.

ಹೆಣ್ಣುಮಕ್ಕಳ ಮೈ ತಪಾಸಣೆ ಹೆಣ್ಣು ಸಿಬ್ಬಂದಿಯದೇ ಕೆಲಸ, ಅದೂ ಪರದೆಯ ಹಿಂದೆ. ಬಂಧಿತಳಾದ ಹೆಣ್ಣನ್ನು ಹೆಣ್ಣೇ ಶೋಧಿಸಬೇಕು, ಮಾನಕ್ಕೆ ಧಕ್ಕೆ ಬಾರದಂತೆ ಶೋಧಿಸಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 49ನೇ ಕಲಂ ಹೇಳುತ್ತದೆ. ಯಾವ ತಪ್ಪೂ ಮಾಡದೆ ಸಾಕ್ಷಿ ಹೇಳಲು ಬಂದವಳಿಗೆ ಅದಕ್ಕಿಂತ ಕಡಿಮೆ ಗೌರವ ಕೊಡಲು ಬರುತ್ತದೆಯೇ? ಮಹಿಳಾ ಸಿಬ್ಬಂದಿ ರಜೆಯಲ್ಲಿದ್ದರೆ ಬದಲಿ ಕೇಳು. ನೀನೇ ಮುಟ್ಟಿ ಮುಗಿಸುವ ಆತುರ ಬೇಡ.

ಬಂಧಿಸುವ ಅಧಿಕಾರ ಪೊಲೀಸನಾದ ನಿನಗೆ ಆ ಸಂಹಿತೆಯ 35ನೇ ಕಲಮಿನಿಂದ ಬರುತ್ತದೆ. ಕಣ್ಣೆದುರು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧ ನಡೆದರೆ ಹಿಡಿಯಬಹುದು. ನಡೆಯಲಿದೆ ಎಂದು ತಿಳಿದು, ಬೇರೆ ರೀತಿ ತಡೆಯಲಾಗದಿದ್ದರೆ 170ನೇ ಕಲಮಿನಂತೆ ಮೊದಲೇ ಹಿಡಿಯಬಹುದು. ಅಪರಾಧ ತಡೆಯುವ ಕರ್ತವ್ಯದಲ್ಲಿ ನೀನು ಕಾನೂನುಬದ್ಧವಾಗಿ ಕೊಡುವ ಸೂಚನೆಯನ್ನು ಜನ ಪಾಲಿಸಬೇಕೆಂದು 172ನೇ ಕಲಂ ಹೇಳುತ್ತದೆ. ಕಾನೂನುಬದ್ಧವಾಗಿ ಎನ್ನುವುದನ್ನು ಎರಡು ಸಲ ಓದಿಕೊ. ಹಿಡಿದ ಮೇಲೆ ಯಾಕೆಂದು ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಿನ್ನ ಎದೆಯ ಮೇಲಿನ ಹೆಸರುಪಟ್ಟಿ ಎಲ್ಲರಿಗೂ ಕಾಣಬೇಕು. ಹೆಸರು ಮುಚ್ಚಿಕೊಂಡು ಮಾಡುವ ಕೆಲಸ ಇದಲ್ಲ.

ನಿನ್ನ ಪಕ್ಕದಲ್ಲಿ ಖಾಸಗಿ ಏಜೆನ್ಸಿಯ ಗಾರ್ಡ್ ನಿಂತಿದ್ದರೆ ಅವನಿಗೆ ಈ ಪೊಲೀಸ್ ಅಧಿಕಾರಗಳಿಲ್ಲ. ಆದರೆ ಯಾವ ನಾಗರಿಕನಿಗೂ ಇರುವ ಹಕ್ಕು ಅವನಿಗೂ ಇದೆ. ಕಣ್ಣೆದುರು ಜಾಮೀನಿಲ್ಲದ, ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧ ಮಾಡಿದವನನ್ನು 40ನೇ ಕಲಮಿನಂತೆ ಹಿಡಿದು, ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬಹುದು. ಆಗ ಜಾರಿಯಲ್ಲಿದ್ದದ್ದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಾಗಿದ್ದರೂ, ಹೊಳೆನರಸೀಪುರದ ಜನ ಅಂದು ಚಾಕು ಹಿಡಿದವನ ಮೇಲೆ ಬಿದ್ದು ಮಾಡಿದ್ದು ಇದನ್ನೇ. ಬರಿಗೈಯ ಜನಕ್ಕೆ ಅಷ್ಟು ಧೈರ್ಯ ಇದ್ದರೆ ನಮಗೆಷ್ಟಿರಬೇಕು!

ಬಲ ಬಳಸುವಾಗ ಅಳತೆ ಇರಲಿ. ಬಂಧಿತನು ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದಷ್ಟಕ್ಕಿಂತ ಹೆಚ್ಚು ಕಟ್ಟಿಹಾಕುವಂತಿಲ್ಲ ಎಂದು 46ನೇ ಕಲಂ ಹೇಳುತ್ತದೆ. ಚಾಕು ಕೈಯಿಂದ ಬಿದ್ದು ಮನುಷ್ಯ ನೆಲಕ್ಕೊರಗಿದ ಮೇಲೆ ಕೊಡುವ ಒಂದೊಂದು ಏಟೂ ಕಾನೂನಿನ ಹೊರಗಿನದು. ಸಿಟ್ಟು ಬಂದ ಜನ ಅವನನ್ನು ಬಡಿಯಲು ಮುನ್ನುಗ್ಗಿದರೆ ಅವನನ್ನೂ ಕಾಪಾಡಬೇಕಾದವನು ನೀನೇ. ಅವನಿಗೆ ಶಿಕ್ಷೆ ಕೊಡಲು ನಿನ್ನ ಬೆನ್ನ ಹಿಂದೆ ಒಂದಿಡೀ ಕಟ್ಟಡವೇ ಇದೆ.

ಜೈಲಿನಿಂದ ವಿಚಾರಣಾಧೀನ ಕೈದಿಗಳನ್ನು ಕರೆತರುವ ಎಸ್ಕಾರ್ಟ್ ಕೆಲಸಕ್ಕೂ ನಿನ್ನನ್ನು ಹಾಕಿಯಾರು. ಬೇಡಿ ತೊಡಿಸುವುದು ರೂಢಿ ಎಂದುಕೊಳ್ಳಬೇಡ. 1980ರ ಪ್ರೇಮ್ ಶಂಕರ್ ಶುಕ್ಲಾ ತೀರ್ಪಿನಿಂದಲೂ ಸುಪ್ರೀಂ ಕೋರ್ಟ್ ಅದನ್ನು ಖಂಡಿಸುತ್ತ ಬಂದಿದೆ. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಚೆಕ್ ಬೌನ್ಸ್ ಪ್ರಕರಣದಲ್ಲಿ ಹಿಡಿದ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಬೇಡಿ ತೊಡಿಸಿ ನಡೆಸಿದ್ದಕ್ಕೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 43ನೇ ಕಲಂ ಪದೇಪದೇ ಅಪರಾಧ ಮಾಡುವವರು, ಕಸ್ಟಡಿಯಿಂದ ತಪ್ಪಿಸಿಕೊಂಡವರು, ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂಥ ಪ್ರಕರಣದವರಿಗೆ ಬೇಡಿ ತೊಡಿಸಲು ಅವಕಾಶ ಕೊಟ್ಟಿದೆ. ಅದು ಅವಕಾಶ, ಕಡ್ಡಾಯವಲ್ಲ. ಹಾಗೆಂದು ಸಡಿಲ ಬಿಟ್ಟರೆ ಅದೂ ತಪ್ಪೇ. ನಿರ್ಲಕ್ಷ್ಯದಿಂದ ಕೈದಿ ಓಡಿಹೋದರೆ ಭಾರತೀಯ ನ್ಯಾಯ ಸಂಹಿತೆಯ 261ನೇ ಕಲಮಿನಂತೆ ನಿನಗೇ ಎರಡು ವರ್ಷದವರೆಗೆ ಸಜೆಯಾಗಬಹುದು. ಮೊಗಸಾಲೆಯಲ್ಲಿ ಕೈದಿಯ ತಾಯಿ ಡಬ್ಬಿಯಲ್ಲಿ ಮುದ್ದೆ ಸಾರು ತಂದು ಕಣ್ಣೀರಿಡುತ್ತಾಳೆ. ಅವಳನ್ನು ದೂಡಬೇಡ, ಡಬ್ಬಿಯನ್ನೂ ನೋಡದೆ ಕೊಡಬೇಡ. ನಿಯಮ ಬಿಡದೆಯೇ ಮೆತ್ತಗೆ ಮಾತಾಡಲು ಬರುತ್ತದೆ.

ವಿಚಾರಣೆಯ ಕೋಣೆಯೊಳಗೆ ಯಾರಾದರೂ ಕೂಗಾಡಿದರೆ ಏನು ಮಾಡಬೇಕೆಂಬುದು ನ್ಯಾಯಾಧೀಶರ ನಿರ್ಧಾರ. ಕಲಾಪ ನಡೆಯುವಾಗ ಬೇಕೆಂದೇ ಅವಮಾನಿಸುವುದು, ಅಡ್ಡಿಪಡಿಸುವುದು ನ್ಯಾಯ ಸಂಹಿತೆಯ 267ನೇ ಕಲಮಿನ ಅಪರಾಧ. ಅಂಥವನನ್ನು ಸುರಕ್ಷಾ ಸಂಹಿತೆಯ 384ನೇ ಕಲಮಿನಂತೆ ತಡೆದಿರಿಸಿ, ಅದೇ ದಿನ ಕೋರ್ಟ್ ಏಳುವ ಮೊದಲು ಒಂದು ಸಾವಿರ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಕೋರ್ಟಿಗಿದೆ. ಜೀವಕ್ಕೆ ಅಪಾಯವಿಲ್ಲದ ಹೊತ್ತಿನಲ್ಲಿ ನೀನಾಗಿಯೇ ನುಗ್ಗಿ ಕುತ್ತಿಗೆಪಟ್ಟಿ ಹಿಡಿಯಬೇಡ. ಪೀಠದ ಕಡೆ ನೋಡು, ಅಪ್ಪಣೆಯಾದರೆ ಕರೆದೊಯ್ಯಿ.

ಈಗ ತೆರೆದ ಬಾಗಿಲಿನ ಮಾತು. ಸುರಕ್ಷಾ ಸಂಹಿತೆಯ 366ನೇ ಕಲಂ, ಸಿವಿಲ್ ಪ್ರಕ್ರಿಯಾ ಸಂಹಿತೆಯ 153ಬಿ ಕಲಂ ಎರಡೂ ಕೋರ್ಟು ಜನರಿಗೆ ತೆರೆದ ಜಾಗ ಎನ್ನುತ್ತವೆ. ಅತ್ಯಾಚಾರದ ವಿಚಾರಣೆ ಗುಟ್ಟಾಗಿ ನಡೆಯುತ್ತದೆ, ಕೌಟುಂಬಿಕ ಪ್ರಕರಣವೂ ಮುಚ್ಚಿದ ಕೋಣೆಯಲ್ಲಿ ನಡೆಯಬಹುದು. ಆಗ ಬಾಗಿಲು ಬಿಗಿಯಾಗಿ ಕಾಯಿ, ಇಣುಕುವವರನ್ನು ದೂರವಿಡು. ಮಿಕ್ಕ ಹೊತ್ತು, ಸುಮ್ಮನೆ ಕಲಾಪ ನೋಡಲು ಬಂದ ಕಾಲೇಜು ಹುಡುಗಿಗೂ ಒಳಗೆ ಕೂರುವ ಹಕ್ಕಿದೆ. ಜಾಗವಿಲ್ಲದಿದ್ದರೆ, ನ್ಯಾಯಾಧೀಶರು ಹೇಳಿದರೆ ಆ ಮಾತು ಬೇರೆ. ಬಟ್ಟೆ ನೋಡಿ ಮನುಷ್ಯರನ್ನು ಅಳೆಯಬೇಡ. 2024ರಲ್ಲಿ ಬೆಂಗಳೂರಿನ ಮಾಲೊಂದರಲ್ಲಿ ಪಂಚೆ ಉಟ್ಟ ಹಿರಿಯರನ್ನು ಒಳಗೆ ಬಿಡದಿದ್ದಾಗ ನಾಡೆಲ್ಲ ಸಿಡಿದೆದ್ದದ್ದು ನಿನಗೆ ನೆನಪಿರಬೇಕು. ಸಂವಿಧಾನದ ಹೆಸರಿನಲ್ಲಿ ನಿಂತ ಮನೆಯ ಬಾಗಿಲಲ್ಲಿ ಅಂಥದ್ದು ನಡೆದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಕರಿಕೋಟು ಕಂಡ ತಕ್ಷಣ ನೋಡದೆ ಬಿಡಬೇಡ, ಹರಕು ಅಂಗಿ ಕಂಡ ತಕ್ಷಣ ತಡೆಯಬೇಡ. ಎಲ್ಲರಿಗೂ ಒಂದೇ ತಪಾಸಣೆ, ಒಂದೇ ಮರ್ಯಾದೆ.

ವಕೀಲರ ಜೊತೆ ಸೌಹಾರ್ದದಿಂದಿರು. 2012ರ ಮಾರ್ಚ್ 2ರಂದು ಬೆಂಗಳೂರಿನ ಸಿವಿಲ್ ಕೋರ್ಟ್ ಆವರಣದಲ್ಲಿ ವಕೀಲರು, ಪತ್ರಕರ್ತರು, ಪೊಲೀಸರ ನಡುವೆ ನಡೆದ ಹೊಡೆದಾಟ ನಾಡಿಗೇ ಕಪ್ಪುಚುಕ್ಕೆಯಾಯಿತು. ಅಂಥ ಬಿಸಿ ಒಂದೇ ದಿನದಲ್ಲಿ ಏರುವುದಿಲ್ಲ. ದಿನದಿನದ ಸಣ್ಣ ಮಾತು, ಸಣ್ಣ ಅಸಡ್ಡೆ ಸೇರಿ ಏರುತ್ತದೆ. ಗುರುತುಚೀಟಿ ಕೇಳುವಾಗ “ಸರ್, ಮೇಡಂ” ಎಂದು ಕೇಳು. ವಕೀಲರ ಸಂಘದ ಹಿರಿಯರ ಪರಿಚಯ ಇಟ್ಟುಕೊ. ಗಲಾಟೆಯ ಸುಳಿವು ಸಿಕ್ಕರೆ ಮೊದಲು ಅವರಿಗೇ ಹೇಳು.

ಎಲ್ಲಕ್ಕಿಂತ ಮುಖ್ಯವಾದದ್ದು, ಹೆದರಿ ಬಂದವರನ್ನು ಗುರುತಿಸುವ ಕಣ್ಣು. ಕೌಟುಂಬಿಕ ಪ್ರಕರಣ, ಜಮೀನು ವ್ಯಾಜ್ಯ, ಅಂತರ್ಜಾತಿ ಮದುವೆ, ಸಾಕ್ಷಿ ಹೇಳುವ ದಿನ, ಇವುಗಳ ಪಟ್ಟಿ ಬೆಳಗ್ಗೆಯೇ ಕೇಳಿ ತಿಳಿದುಕೊ. ಎರಡು ಕಡೆಯವರನ್ನು ಬೇರೆಬೇರೆ ಕಡೆ ಕೂರಿಸು. ರಾಜಿಯಾಯಿತೆಂದು ಕೇಳಿದೊಡನೆ ಕಣ್ಣು ತಿರುಗಿಸಬೇಡ. ಹೊಳೆನರಸೀಪುರದಲ್ಲಿ ಕತ್ತಿಗೆ ಚಾಕು ಬಂದದ್ದು ರಾಜಿಯಾದ ಮೇಲೆಯೇ. ಹಿಂದಿರುಗುವಾಗ ಭಯವಿರುವ ಕಡೆಯವರು ಮೊದಲು ಹೊರಡಲಿ, ಬಸ್ ಹತ್ತಲಿ. ಆಮೇಲೆ ಇನ್ನೊಂದು ಕಡೆಯವರನ್ನು ಬಿಡು. ಆ ಹತ್ತು ನಿಮಿಷಕ್ಕಾಗಿ ಯಾರನ್ನೂ ಬಂಧಿಸಬೇಕಾಗಿಲ್ಲ, “ಸ್ವಲ್ಪ ಕೂತ್ಕೊಳ್ಳಿ ಅಣ್ಣಾ, ಆಮೇಲೆ ಹೋಗೋರಂತೆ” ಎಂದರೆ ಸಾಕು. ಒಬ್ಬಳೇ ಬಂದ ಹೆಣ್ಣುಮಗಳು ಶೌಚಾಲಯಕ್ಕೆ ಹೋಗುವಾಗ ಮಹಿಳಾ ಸಿಬ್ಬಂದಿ ಆ ಕಡೆ ಒಂದು ಸುತ್ತು ಹೋಗಲಿ. ಸಾಕ್ಷಿಗೆ ಬೆದರಿಕೆಯಿದ್ದರೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆ ಇದೆ, ಕೋರ್ಟಿಗೆ ಬಂದುಹೋಗಲು ಬೆಂಗಾವಲು ಕೊಡಲೂ ಅದರಲ್ಲಿ ಅವಕಾಶವಿದೆ. ಕೇಳುವವರಿಗೆ ದಾರಿ ತೋರಿಸು. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಕಾನೂನು ಸೇವಾ ಸಮಿತಿಯ ಕೋಣೆ ತೋರಿಸು, 15100 ಎಂಬ ಸಹಾಯವಾಣಿ ಹೇಳು. ಹೆಣ್ಣುಮಕ್ಕಳಿಗೆ 181 ಹೇಳು. ಆದರೆ ಯಾವ ವಕೀಲರ ಹೆಸರನ್ನೂ ಶಿಫಾರಸು ಮಾಡಬೇಡ. ಯಾರಿಂದಲೂ ಕಾಫಿ ಕಾಸು ಮುಟ್ಟಬೇಡ. ಹತ್ತು ರೂಪಾಯಿಗೆ ಚೀಲ ನೋಡದೆ ಬಿಟ್ಟ ಕೈ ಸಾವಿಗೂ ಬಾಗಿಲು ತೆರೆದೀತು.

ಕೇಡು ನಡೆದೇ ಹೋದರೆ ಒಬ್ಬರು ಹಿಡಿಯಲಿ, ಒಬ್ಬರು ಗಾಯಗೊಂಡವರ ಬಳಿ ಕೂರಲಿ. ಇಬ್ಬರೂ ಓಡಬಾರದು. ಶುಚಿಯಾದ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಿರಿ, ಕತ್ತಾದರೆ ಉಸಿರುಗೊಳವೆ ಬಿಗಿಯದಂತೆ ಒತ್ತಿರಿ. ಆಂಬುಲೆನ್ಸಿಗೆ 108, ಪೊಲೀಸ್ ನೆರವಿಗೆ 112. ಆಂಬುಲೆನ್ಸ್ ಬರುವ ದಾರಿಯಲ್ಲಿ ನಿಂತ ಬೈಕು ಕಾರು ತೆಗೆಸಿ. ರಕ್ತ ತೊಳೆಯಬೇಡಿ, ಆಯುಧ ಮುಟ್ಟಬೇಡಿ, ಕ್ಯಾಮೆರಾದ ದೃಶ್ಯ ಅಳಿಯದಂತೆ ತಕ್ಷಣ ಹೇಳಿ. ಮಕ್ಕಳಿದ್ದರೆ ಮೊದಲು ಅವರನ್ನು ಅಲ್ಲಿಂದ ಕರೆದೊಯ್ಯಿರಿ. ಇದನ್ನೆಲ್ಲ ಆ ಹೊತ್ತಿಗೆ ಯೋಚಿಸಲು ಆಗುವುದಿಲ್ಲ. ಬಿಡುವಿರುವ ದಿನ ಜತೆಯವರೊಂದಿಗೆ ಯಾರು ಏನು ಮಾಡಬೇಕೆಂದು ಮಾತಾಡಿಕೊಂಡು, ಒಮ್ಮೆ ನಡೆದು ನೋಡಿ.

ನಾಳೆ ಅರ್ಧ ಗಂಟೆ ಮುಂಚೆ ಹೋಗು. ಕಟ್ಟಡದ ಸುತ್ತ ನಡೆ, ಬಾಗಿಲುಗಳನ್ನೆಣಿಸು, ಕತ್ತಲ ಮೂಲೆ ಎಲ್ಲಿದೆ, ಬೀಗ ಎಲ್ಲಿಲ್ಲ, ಬಲ್ಬು ಎಲ್ಲಿ ಉರಿಯುವುದಿಲ್ಲ ಬರೆದುಕೊ. ಆ ಚೀಟಿಯನ್ನು ಅಧಿಕಾರಿಗಳ ಕೈಗೆ ಕೊಡು, ಸರಿಯಾಗದಿದ್ದರೆ ಮತ್ತೆ ಬರೆದು ಕೊಡು. ಇಲ್ಲಿ ಏನೂ ನಡೆಯದ ದಿನವೇ ನಿನ್ನ ಕೆಲಸ ಚೆನ್ನಾಗಿ ನಡೆದ ದಿನ. ಅದಕ್ಕೆ ಪದಕ ಕೊಡುವವರಿಲ್ಲ, ಪೇಪರಿನಲ್ಲಿ ಸುದ್ದಿ ಬರುವುದಿಲ್ಲ. ಆದರೂ ಕಾನೂನನ್ನು ನಂಬಿ ಬಂದ ಒಬ್ಬ ಬಡ ಹೆಂಗಸು ಕೋರ್ಟು ಹತ್ತಿ ಇಳಿದು, ಜೀವದೊಂದಿಗೆ, ಮರ್ಯಾದೆಯೊಂದಿಗೆ ಮನೆ ಸೇರಿದರೆ, ಆ ನಂಬಿಕೆ ಉಳಿಸಿದ್ದರಲ್ಲಿ ನಿನ್ನ ಪಾಲು ಇದೆ. ಆ ಪಾಲನ್ನು ಚಿಕ್ಕದೆಂದು ಎಣಿಸಬೇಡ ಮಗಾ.